ಗುಜರಿಗೆ ಹಾಕುವ ಮೊದಲು ಒಮ್ಮೆ ಬಿಚ್ಚಿ ನೋಡಿ

ಮಾನ್ಯ ಸಂಪಾದಕರೇ,

ಹಳೆ ಚರ್ಚುಗಳ ಬಗ್ಗೆ ಬರೆಯುವವರು ಗೋಪುರ, ಗಂಟೆ, ಬಣ್ಣದ ಗಾಜು ಎಲ್ಲಾ ಬರೆಯುತ್ತಾರೆ. ಒಳಗಿರುವ ವಾದ್ಯದ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ. ನಾನು ಮಂಗಳೂರಿನಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವವನು. ನನ್ನ ಹತ್ತಿರ ಭಜನಾ ಮಂದಿರದ ಪೆಟ್ಟಿಗೆಯೂ ಬರುತ್ತದೆ, ಚರ್ಚಿನದ್ದೂ ಬರುತ್ತದೆ. ಅದಕ್ಕೇ ಈ ಪತ್ರ.

ಎರಡು ವರ್ಷದ ಹಿಂದೆ ಮನೆಯವರ ಜೊತೆ ಶಿಮ್ಲಾಕ್ಕೆ ಹೋಗಿದ್ದೆ. ಅಲ್ಲಿನ ಕ್ರೈಸ್ಟ್ ಚರ್ಚ್ ಬ್ರಿಟಿಷರು ಕಟ್ಟಿದ ಆಂಗ್ಲಿಕನ್ ಚರ್ಚ್, ಅದರ ಪೈಪ್ ಆರ್ಗನ್ 1899ರದ್ದು. ಮಕ್ಕಳು ಹೊರಗೆ ಹೋಗೋಣ ಅಂತ ಕೈ ಎಳೆಯುತ್ತಿದ್ದರು, ನಾನು ಆ ಪೈಪುಗಳ ಸಾಲಿನ ಮುಂದೆ ನಿಂತೇ ಇದ್ದೆ. ನಮ್ಮ ಹಾರ್ಮೋನಿಯಂನಲ್ಲಿ ನಾದ ಹುಟ್ಟುವುದು ಗಾಳಿಗೆ ಅದುರುವ ಸಣ್ಣ ಹಿತ್ತಾಳೆ ಪಟ್ಟಿಯಲ್ಲಿ, ಅಂದರೆ ರೀಡಿನಲ್ಲಿ. ಪೈಪ್ ಆರ್ಗನ್‌ನಲ್ಲಿ ಹೆಚ್ಚಿನ ಪೈಪುಗಳು ಕೊಳಲಿನ ಹಾಗೆ, ಒಂದೊಂದು ಪೈಪಿಗೆ ಒಂದೇ ಸ್ವರ. ಕೆಲವು ತವರ ಮತ್ತು ಸೀಸ ಬೆರೆಸಿ ಮಾಡಿದ್ದು, ಕೆಲವು ಮರದ್ದು. ಮಂದ್ರದ ಪೈಪು 8 ಅಡಿ, 16 ಅಡಿ ಉದ್ದ ಇರುತ್ತದೆ, ತಾರದ್ದು ಪೆನ್ಸಿಲಿನಷ್ಟು. ಕರೆಂಟ್ ಬರುವ ಮೊದಲು ನುಡಿಸುವವರು ಮುಂದೆ ಕೂತರೆ ಹಿಂದೆ ಇನ್ನೊಬ್ಬ ನಿಂತು ಗಾಳಿ ತುಂಬುವ ತಿದಿ ಒತ್ತಬೇಕಿತ್ತು. ಅವನ ಕೈ ನಿಂತರೆ ಹಾಡೂ ನಿಂತಂತೆ.

ಆದರೆ ಆರ್ಗನ್‌ನಲ್ಲೂ ಗಾಳಿ ಹಿಡಿದಿಡುವುದು ಮರ ಮತ್ತು ಚರ್ಮ, ನಮ್ಮ ಪೆಟ್ಟಿಗೆಯಲ್ಲಿ ಇರುವಂಥದ್ದೇ. ಕಳೆದ ಮಳೆಗಾಲದಲ್ಲಿ ಒಂದು ಹಳೆ ಕಾಲು ಹಾರ್ಮೋನಿಯಂ, ಅಂದರೆ ತಿದಿಯನ್ನು ಕಾಲಿನಲ್ಲಿ ತುಳಿದು ನುಡಿಸುವಂಥದ್ದು, ಬಿಚ್ಚಿದೆ. ತಿದಿಯ ಚರ್ಮ ಮಡಿಕೆಯಲ್ಲೇ ಬೂಸ್ಟು ಹಿಡಿದು, ಬೆರಳು ತಾಗಿದರೆ ಪುಡಿ. ರೀಡುಗಳು ಮಾತ್ರ ಗಟ್ಟಿ ಇದ್ದವು, ಮರಕ್ಕೆ ಒರಲೆಯೂ ಹಿಡಿದಿರಲಿಲ್ಲ. ಹೊಸ ಚರ್ಮ ಹಾಕಿದೆ, ನಾಲ್ಕು ದಿನದ ಕೆಲಸ, ಈಗ ಚೆನ್ನಾಗಿ ನುಡಿಯುತ್ತಿದೆ.

ಬೇಸರ ಆಗಿದ್ದು ಇನ್ನೊಂದು ಕಡೆ. ನಮ್ಮ ಜಿಲ್ಲೆಯದ್ದೇ ಒಂದು ಚರ್ಚಿಗೆ ಕೆಲಸಕ್ಕೆ ಹೋಗಿ, ಮೂಲೆಯಲ್ಲಿದ್ದ ಹಳೆ ಕಾಲು ಹಾರ್ಮೋನಿಯಂ ಎಲ್ಲಿ ಅಂತ ಕೇಳಿದೆ. ಜಾಗ ಸಾಲದೆ ಗುಜರಿಗೆ ಕೊಟ್ಟೆವು ಅಂದರು. ಕೀಬೋರ್ಡ್ ತರಲಿ, ಅದು ಬೇಡ ಅನ್ನುವವನು ನಾನಲ್ಲ. ಆದರೆ ಬಿಚ್ಚಿ ನೋಡದೆ ಕೊಟ್ಟುಬಿಟ್ಟರಲ್ವಾ, ಅದೇ ನೋವು.

ನಮ್ಮ ನೆಹರು ಮೈದಾನದ ಹತ್ತಿರದ ಸೇಂಟ್ ಪೌಲ್ಸ್ ಚರ್ಚ್ 1843ರದ್ದು, ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟ ವರ್ಷವೇ ಅದು. ಬಲ್ಮಠದ ಶಾಂತಿ ಚರ್ಚ್ 1862ರದ್ದು. ಇಷ್ಟು ಹಳೆ ಚರ್ಚುಗಳಿರುವ ಊರಿನಲ್ಲಿ ಯಾವ ಮೂಲೆಯಲ್ಲಿ ಯಾವ ವಾದ್ಯ ಇದೆ ಅಂತ ಒಂದು ಪಟ್ಟಿಯಾದರೂ ಬೇಡವೇ? ಚರ್ಚಿನ ಹಿರಿಯರು ದಯವಿಟ್ಟು ಅದನ್ನು ಮಾಡಿಸಲಿ. ಇರುವ ವಾದ್ಯವನ್ನು ವಾರಕ್ಕೆ ಅರ್ಧ ಗಂಟೆ ಯಾರಾದರೂ ನುಡಿಸಲಿ. ಸುಮ್ನೆ ಮುಚ್ಚಿಟ್ಟರೆ ಅದು ಕೆಡುವುದೇ ಜಾಸ್ತಿ. ಪಾಠ ಕಲಿಯುವ ಮಕ್ಕಳಿಗೆ ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು.

ಹಳೆ ಪೆಟ್ಟಿಗೆ ಯಾರ ಹತ್ತಿರ ಇದ್ದರೂ ಕರೆಯಿರಿ, ಬಂದು ನೋಡುತ್ತೇನೆ. ನೋಡುವುದಕ್ಕೆ ದುಡ್ಡು ಬೇಡ.

ಇಂತಿ,
ಹಾರ್ಮೋನಿಯಂ ರಿಪೇರಿ ಮಾಡುವ ಒಬ್ಬ ಓದುಗ, ಮಂಗಳೂರು