ಹೀಟರ್ ಆರಿಸಿ ನೋಡು ಎಂದವರಿಗೆ

ನನ್ನ ಪಿಎಚ್.ಡಿ. ಪ್ರಬಂಧ ಕಳೆದ ವಾರ ಅಂಗೀಕಾರವಾಯಿತು. ಆರು ವರ್ಷ ಹಿಡಿಯಿತು. ಪ್ರಬಂಧದ ಆರಂಭದಲ್ಲಿ ನೆರವಾದವರ ಹೆಸರುಗಳನ್ನು ಬರೆದಿದ್ದೇನೆ. ಯಾರು ಏನು ಮಾಡಿದರು ಎಂದು ಹೇಳಲು ಅಲ್ಲಿ ಜಾಗವಿರಲಿಲ್ಲ.

ನಿರ್ವಾತದಲ್ಲಿ ತೀರಾ ಹತ್ತಿರ ಇಟ್ಟ ಎರಡು ವಸ್ತುಗಳ ನಡುವೆ ವಿಕಿರಣದಿಂದ ಎಷ್ಟು ಶಾಖ ಹರಿಯುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಪ್ಲಾಂಕ್ ಅವರ ನಿಯಮ ಈ ಹರಿವಿಗೊಂದು ಮಿತಿ ಹಾಕುತ್ತದೆ. ಆದರೆ ವಸ್ತುಗಳ ಅಳತೆಯೂ ಅಂತರವೂ ವಿಕಿರಣದ ತರಂಗಾಂತರಕ್ಕಿಂತ ಬಹಳ ದೊಡ್ಡದಾಗಿದ್ದಾಗ ಮಾತ್ರ ಅದು ಸಲ್ಲುತ್ತದೆ. ಕೋಣೆಯ ಉಷ್ಣತೆಯಲ್ಲಿ ಆ ತರಂಗಾಂತರ ಸುಮಾರು 10 ಮೈಕ್ರೊಮೀಟರ್. ಅದಕ್ಕಿಂತ ಸಾಕಷ್ಟು ಒಳಗೆ ಬಂದರೆ, ಮೇಲ್ಮೈಯನ್ನು ಬಿಟ್ಟು ಹೊರಡದೆ ಅಲ್ಲೇ ಸೊರಗುವ ಅಲೆಗಳೂ ಎದುರಿನ ವಸ್ತುವನ್ನು ಮುಟ್ಟಿ ಶಾಖ ದಾಟಿಸುತ್ತವೆ. 1971ರಲ್ಲಿ ಭೌತವಿಜ್ಞಾನಿಗಳಾದ ಪೋಲ್ಡರ್ ಮತ್ತು ವಾನ್ ಹೋವ್ ಇದರ ಲೆಕ್ಕ ಕೊಟ್ಟರು. ಹತ್ತಾರು ನ್ಯಾನೊಮೀಟರ್ ಅಂತರದಲ್ಲಿ ಗಾಜಿನ ಮೇಲ್ಮೈಗಳ ನಡುವಿನ ಹರಿವು ಆ ಮಿತಿಯ ಸಾವಿರ ಪಟ್ಟು ಆಗಬಲ್ಲದು ಎಂದು 2009ರ ಪ್ರಯೋಗಗಳು ತೋರಿಸಿದವು. ಅದನ್ನು ಓದಿದ ರಾತ್ರಿಯೇ ಈ ದಾರಿ ಹಿಡಿದೆ.

ನನ್ನ ಉಪಕರಣದಲ್ಲಿ ಕೂದಲಿಗಿಂತ ತೆಳ್ಳಗಿನ, ಚಿನ್ನ ಲೇಪಿಸಿದ ಒಂದು ತೋಳು. ಅದರ ತುದಿಗೆ ಗಾಜಿನ ಪುಟ್ಟ ಗೋಲಿ, ಎದುರಿಗೆ ಬಿಸಿ ತಟ್ಟೆ. ಶಾಖ ಬಂದರೆ ಎರಡು ಪದರಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ತೋಳು ಬಾಗುತ್ತದೆ. ಮೂರನೆಯ ವರ್ಷ ಅದು ಸೊಗಸಾಗಿ ಬಾಗಿತು. ಲೇಖನದ ಕರಡೂ ಸಿದ್ಧವಾಯಿತು.

ಅಕ್ಕಾ, ಆಗ ನೀವು ನಕ್ಷೆಯನ್ನು ನೋಡಿ ಒಂದೇ ಮಾತು ಕೇಳಿದಿರಿ: "ತಟ್ಟೆಯ ಹೀಟರ್ ಆರಿಸಿ ನೋಡಿದ್ದೀಯಾ?" ನೋಡಿರಲಿಲ್ಲ. ಅಂದು ಸಂಜೆ ಆರಿಸಿದೆ. ತಟ್ಟೆ ತಣ್ಣಗಾದ ಮೇಲೂ ತೋಳು ಹೆಚ್ಚುಕಡಿಮೆ ಅಷ್ಟೇ ಬಾಗಿತು. ಅದನ್ನು ಎಳೆಯುತ್ತಿದ್ದುದು ಶಾಖವಲ್ಲ, ಗಾಜಿನ ಮೇಲೆ ಉಳಿದಿದ್ದ ವಿದ್ಯುದಾವೇಶ. ಹನ್ನೊಂದು ತಿಂಗಳ ಅಳತೆ ಹೋಯಿತು. ಅಂದು ನಾನು ನಿಮ್ಮ ಮುಖವನ್ನೂ ನೋಡದೆ ಎದ್ದು ಹೋದೆ. ಆ ಪ್ರಶ್ನೆ ಲೇಖನ ಅಚ್ಚಾದ ಮೇಲೆ ಬಂದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಎದೆ ನಡುಗುತ್ತದೆ. ಅಂದು ಹೇಳದೆ ಉಳಿದ ಧನ್ಯವಾದವನ್ನು ಎಲ್ಲರೆದುರು ಹೇಳುತ್ತಿದ್ದೇನೆ.

ಸರ್, ಕರಡನ್ನು ನೀವೇ ಹಿಂದಕ್ಕೆ ಪಡೆದು, "ಇನ್ನೆರಡು ವರ್ಷ ತೆಗೆದುಕೋ" ಎಂದಿರಿ. ಆ ಎರಡು ವರ್ಷದ ವೇತನಕ್ಕಾಗಿ ನೀವು ಎಷ್ಟು ಅರ್ಜಿ ಬರೆದಿರಿ ಎಂಬುದು ನನಗೆ ಆಮೇಲೆ ತಿಳಿಯಿತು.

ವರ್ಕ್‌ಶಾಪಿನ ಹಿರಿಯರು ಗೋಲಿ ಮತ್ತು ತಟ್ಟೆಯ ಆವೇಶ ಕಳೆಯುವ ವ್ಯವಸ್ಥೆಯನ್ನು ನಾಲ್ಕು ಬಾರಿ ಬಿಚ್ಚಿ ನಾಲ್ಕು ಬಾರಿ ಕಟ್ಟಿದರು. ಲಿಫ್ಟ್ ಓಡಿದರೆ ನನ್ನ ಅಳತೆ ಕದಡುತ್ತಿತ್ತು. ರಾತ್ರಿ ಕಾವಲಿನವರು ಅದನ್ನು ನಿಲ್ಲಿಸಿ, ಸುತ್ತು ಬರುವಾಗ ನಾಲ್ಕು ಮಹಡಿಯನ್ನು ತಾವೇ ಹತ್ತಿ ಇಳಿದರು. ಪ್ರಬಂಧದ ಐದನೆಯ ಅಧ್ಯಾಯದ ಪ್ರತಿಯೊಂದು ಬಿಂದುವೂ ಆ ರಾತ್ರಿಗಳದ್ದು. ಅಮ್ಮ ಒಮ್ಮೆಯೂ "ಯಾವಾಗ ಮುಗಿಯುತ್ತದೆ" ಎಂದು ಕೇಳಲಿಲ್ಲ.

ಮುಂದಿನದು ಚಿತ್ರ ತೆಗೆಯುವ ಕೆಲಸ. ಸಾಮಾನ್ಯ ಉಷ್ಣ ಕ್ಯಾಮೆರಾಕ್ಕೆ ಆ 10 ಮೈಕ್ರೊಮೀಟರ್ ತರಂಗಾಂತರಕ್ಕಿಂತ ಬಹಳ ಸಣ್ಣ ವಿವರ ಕಾಣದು. ಚೂಪಾದ ಮೊನೆಯನ್ನು ಮೇಲ್ಮೈಗೆ ಒಯ್ದು ಸೊರಗುವ ಅಲೆಗಳನ್ನೇ ಹೆಕ್ಕಿದರೆ ಕಾಣುತ್ತದೆ. ಅದನ್ನು ಕಿರಿಯ ವಿದ್ಯಾರ್ಥಿಯೊಬ್ಬಳು ಶುರು ಮಾಡಿದ್ದಾಳೆ. ಮೊನ್ನೆ ಮೊದಲ ಚಿತ್ರ ಬಂದಾಗ ಅವಳು ನನ್ನನ್ನು ಕರೆಯುವ ಮೊದಲೇ ಹೀಟರ್ ಆರಿಸಿ ಇನ್ನೊಂದು ಚಿತ್ರ ತೆಗೆದಿಟ್ಟಿದ್ದಳು.