ಭರಮಸಾಗರ ದಾಟಿ ಬಂದೆ, ನಿಮಗೆಲ್ಲ ನಮಸ್ಕಾರ

ಮೊನ್ನೆ ಸೋಮವಾರ ಮಂಡಕ್ಕಿ ಚೀಲ ಹೇರಿಕೊಂಡು ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗಿ ಬಂದೆ. ಗಾಡಿ ನಾನೇ ಓಡಿಸಿದೆ. 60 ಕಿಲೋಮೀಟರ್ ಆಸುಪಾಸಿನ ದಾರಿ ಅಷ್ಟೇ. ಆದರೆ 20 ತಿಂಗಳಿಂದ ಆ ಕಡೆ ಮುಖ ಹಾಕಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

20 ತಿಂಗಳ ಹಿಂದೆ, ಒಂದು ರಾತ್ರಿ ಜೋರು ಮಳೆ. ಭರಮಸಾಗರದ ಹತ್ತಿರ, ನನ್ನ ಕಣ್ಣೆದುರೇ ಒಂದು ಕಾರು ನಿಂತಿದ್ದ ಲಾರಿಗೆ ಹಿಂದಿನಿಂದ ಗುದ್ದಿತು. ಗಾಡಿ ನಿಲ್ಲಿಸಿ ಓಡಿದೆ. ಹಿಂದಿನ ಸೀಟಿನಲ್ಲಿದ್ದ ಹುಡುಗನನ್ನು ಹೊರಗೆ ತೆಗೆದು ತೊಡೆಯ ಮೇಲೆ ಮಲಗಿಸಿಕೊಂಡೆ. ಆಂಬುಲೆನ್ಸ್ ಬರುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ.

ನನಗೆ ಒಂದು ಗೀರೂ ಆಗಿರಲಿಲ್ಲ. ಕಷ್ಟ ಆಗಿದ್ದು ಅಲ್ಲೇ. ಏನೂ ಆಗದವನು ಯಾಕೆ ಹೀಗೆ ಕೂತಿದ್ದಾನೆ ಅಂತ ಎಲ್ಲರಿಗೂ ಅನಿಸಿತು. ನನಗೂ ಅನಿಸಿತು. ಮಳೆ ಬಂದರೆ ಎದೆ ಡವಡವ. ವೈಪರ್ ಸದ್ದು ಕೇಳಿದರೆ ಕೈ ಬೆವರುತ್ತಿತ್ತು. ರಾತ್ರಿ ಎರಡು ಗಂಟೆಗೆ ಎದ್ದು ಕೂರುತ್ತಿದ್ದೆ. ಹಾರ್ಟ್ ಅಟ್ಯಾಕೇ ಅಂದುಕೊಂಡು ಮೂರು ಸಲ ಆಸ್ಪತ್ರೆಗೆ ಓಡಿದೆ. ಮೂರು ಸಲವೂ ಇಸಿಜಿ ಸರಿಯಾಗಿತ್ತು. ಒಂದು ಕಡೆ "ಸುಮ್ನೆ ಹೆದರ್ಕೊಂಡಿದ್ದೀರ" ಅಂತ ಕಳಿಸಿಬಿಟ್ಟರು. ಅವ್ವ ಗಾಳಿ ಸೋಕಿದೆ ಅಂತ ದಾರ ಕಟ್ಟಿಸಿದಳು. ಅವಳ ಸಂಕಟ ಅವಳಿಗೆ.

ಮೊದಲ ನಮಸ್ಕಾರ ಹೃದಯದ ಡಾಕ್ಟರಿಗೆ. ಅವರು ಒಂದು ದಿನ ಪೂರ್ತಿ ಹೋಲ್ಟರ್ ಹಾಕಿದರು, ಎದೆ ಬಡಿತ ಬರೆದಿಡುವ ಯಂತ್ರ ಅದು. ಎದೆಗೆ ಅಂಟಿಸುವ ತಂತಿಗಳು, ಸೊಂಟಕ್ಕೆ ಒಂದು ಪುಟ್ಟ ಪೆಟ್ಟಿಗೆ. ಯಾವಾಗ ಏನು ಮಾಡಿದಿರಿ ಅಂತ ಚೀಟಿಯಲ್ಲಿ ಬರೆಯಿರಿ ಅಂದಿದ್ದರು. ಮರುದಿನ ಗ್ರಾಫ್ ಪಕ್ಕದಲ್ಲಿ ನನ್ನ ಚೀಟಿ ಇಟ್ಟುಕೊಂಡು ಕೂತರು. ರಾತ್ರಿ 9:40ಕ್ಕೆ ಬಡಿತ ಏಕ್ದಂ ಮೇಲಕ್ಕೆ ಹೋಗಿತ್ತು. ಚೀಟಿಯಲ್ಲಿ ಅದೇ ಹೊತ್ತಿಗೆ ಎರಡೇ ಪದ: "ಮಳೆ ಬಂತು."

"ಹೃದಯದ ತಾಳ ತಪ್ಪಿಲ್ಲ. ಅದು ಓಡ್ತಾ ಇದೆ ಅಷ್ಟೇ. ಯಾವುದಕ್ಕೋ ಹೆದರಿ ಓಡ್ತಾ ಇದೆ. ಮಳೇಲಿ ಏನಾಯ್ತು ಹೇಳಿ" ಅಂದರು. ಅಲ್ಲಿಯವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಅವರ ಮುಂದೆ ಅತ್ತುಬಿಟ್ಟೆ.

ಅವರೇ ಮನೋವೈದ್ಯರ ಹತ್ತಿರ ಕಳಿಸಿದರು. ಕಾಯಿಲೆಗೆ ಪಿಟಿಎಸ್‌ಡಿ ಅಂತ ಹೆಸರಿದೆ, ಅಂದರೆ ಭಯಾನಕ ಘಟನೆ ಕಂಡ ಮೇಲೆ ಮನಸ್ಸಿನಲ್ಲಿ ಉಳಿದುಬಿಡುವ ಆಘಾತ, ಅಂತ ಗೊತ್ತಾಗಿದ್ದು ಅಲ್ಲಿ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಸಂಕಟ ನೋಡಿದ ಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಈ ಹೆಸರು ಸೇರಿತಂತೆ. ಯುದ್ಧ ನೋಡಿದವರಿಗೇ ಬರಬೇಕೆಂದಿಲ್ಲ. ರಸ್ತೆಯಲ್ಲಿ ಸಾವು ಕಂಡವರಿಗೂ ಬರುತ್ತದೆ.

ಆಮೇಲೆ ಬೆಂಗಳೂರಿನ ಮೇಡಂ, ಮಾತಿನಲ್ಲೇ ಚಿಕಿತ್ಸೆ ಕೊಟ್ಟವರು. ಅವರನ್ನು ನಾನು ಇವತ್ತಿಗೂ ಎದುರಿಗೆ ಕಂಡಿಲ್ಲ. ವಾರಕ್ಕೊಂದು ಸಲ, ಒಂದೂವರೆ ಗಂಟೆ ವಿಡಿಯೋ ಕಾಲ್, ಒಟ್ಟು 14 ವಾರ. ಎದೆಗೆ ಬಡಿತ ಅಳೆಯುವ ಒಂದು ಬೆಲ್ಟ್ ಕಟ್ಟಿಕೊಂಡು ಕೂರುತ್ತಿದ್ದೆ. ಕೈಗಡಿಯಾರ ಹಸಿರು ಬೆಳಕು ಬಿಟ್ಟು ರಕ್ತದ ಓಟ ನೋಡುತ್ತದೆ, ಕೈ ಅಲುಗಿದರೆ ಲೆಕ್ಕ ತಪ್ಪಬಹುದು. ಬೆಲ್ಟ್ ಹೃದಯದ ವಿದ್ಯುತ್ ಮಿಡಿತವನ್ನೇ ಹಿಡಿಯುತ್ತದೆ. ಅದು ಮೇಡಂ ಪರದೆಯಲ್ಲೂ ಕಾಣುತ್ತಿತ್ತು.

ಕಣ್ಣು ಮುಚ್ಚಿ ಆ ರಾತ್ರಿಯನ್ನು ಈಗ ನಡೆಯುತ್ತಿರುವ ಹಾಗೆ ಹೇಳಬೇಕು. ಮೊದಲ ಸಲ ಬಡಿತ ನಿಮಿಷಕ್ಕೆ 132ಕ್ಕೆ ಹೋಯಿತು. ನಿಲ್ಲಿಸಿಬಿಡ್ತೀನಿ ಮೇಡಂ ಅಂದೆ. "ನಾನಿಲ್ಲೇ ಇದ್ದೀನಿ, ಇನ್ನೊಂದು ಸಲ ಹೇಳಿ" ಅಂದರು. ಹೇಳಿದ್ದನ್ನು ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ದಿನಾ ಕೇಳಬೇಕಿತ್ತು. ಒಂಬತ್ತನೇ ವಾರ ಅದೇ ಮಾತು ಹೇಳಿದಾಗ 96. ಅಳು ಬಂತು, ಆದರೆ ಓಡಿಹೋಗಬೇಕು ಅನಿಸಲಿಲ್ಲ.

ನಡುವೆ ಒಂದು ತಪ್ಪೂ ಮಾಡಿದೆ. ಕೈಗಡಿಯಾರದಲ್ಲಿ ಬಡಿತ ನೋಡುವ ಚಟ ಹತ್ತಿತು. 100 ಕಂಡರೆ ಗಾಬರಿ, ಆ ಗಾಬರಿಗೆ 110. ಮೇಡಂ ಗಡಿಯಾರ ಬಿಚ್ಚಿಸಿದರು. ಸೆಷನ್ ಹೊತ್ತಿಗೆ ಬೆಲ್ಟ್ ಮಾತ್ರ ಸಾಕು ಅಂದರು. ಅಕ್ಕನ ಮಗ ಗಡಿಯಾರವನ್ನು ತನ್ನ ಹತ್ತಿರವೇ ಇಟ್ಟುಕೊಂಡ. ಫೋನು, ಬೆಲ್ಟು ಎಲ್ಲ ಜೋಡಿಸಿಕೊಟ್ಟವನೂ ಅವನೇ. ಅಳಿಯಾ, ನಿನ್ನ ತಾಳ್ಮೆ ದೊಡ್ಡದು.

ನನ್ನ ಹೆಂಡತಿಗೆ ಏನಂತ ಹೇಳಲಿ. ಒಂದೊಂದೇ ಮೆಟ್ಟಿಲು ಹತ್ತಿ ಅಂದಿದ್ದರು ಮೇಡಂ. ಮೊದಲ ಮೆಟ್ಟಿಲು ನಿಂತ ಗಾಡಿಯಲ್ಲಿ ವೈಪರ್ ಹಾಕಿಕೊಂಡು ಕೂರುವುದು. ಸುಡು ಬಿಸಿಲಲ್ಲಿ ಮಗ ಬಕೆಟ್ ಹಿಡಿದು ಗಾಜಿಗೆ ನೀರು ಎರಚುತ್ತಿದ್ದ. ಇವಳು ಪಕ್ಕದ ಸೀಟಿನಲ್ಲಿ ಕೂತು ನಿಮಿಷಕ್ಕೆ ಆರು ಉಸಿರು ಎಣಿಸುತ್ತಿದ್ದಳು. ಬೀದಿಯವರೆಲ್ಲ ನೋಡುತ್ತಿದ್ದರು. ಅವಳು ತಲೆ ಎತ್ತಲಿಲ್ಲ, ಎಣಿಕೆ ಬಿಡಲಿಲ್ಲ. ಆಮೇಲೆ ಪಿ.ಬಿ. ರಸ್ತೆ, ಆಮೇಲೆ ಆನಗೋಡು. ಎಲ್ಲ ಕಡೆಯೂ ಜೊತೆಗೆ ಬಂದಳು.

ಮಂಡಕ್ಕಿ ಭಟ್ಟಿಯ ಮಾಲೀಕರು ಅಷ್ಟೂ ತಿಂಗಳು ಚೀಲ ಎಣಿಸುವ ಕೆಲಸ ಕೊಟ್ಟು ಸಂಬಳ ನಡೆಸಿದರು. ಅಣ್ಣ, ನಿಮ್ಮ ಋಣ ನನ್ನ ಮೇಲಿದೆ.

ನನ್ನ ಹಾಗೆ ಇರುವ ಡ್ರೈವರ್ ಅಣ್ಣತಮ್ಮಂದಿರು ಬಹಳ ಜನ ಇದ್ದೀರಿ, ಗೊತ್ತು. ಎದೆ ಹೊಡೆದುಕೊಂಡರೆ ಮೊದಲು ಹೃದಯವನ್ನೇ ತೋರಿಸಿ. ಅದು ಸರಿಯಿದೆ ಅಂದರೆ ಅಲ್ಲಿಗೇ ಬಿಡಬೇಡಿ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಮನಸ್ಸಿನ ಕಷ್ಟಕ್ಕೆ ಸರ್ಕಾರದ್ದೇ ಸಹಾಯವಾಣಿ. ದುಡ್ಡು ಕೇಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಕೊನೆಗೆ ಆ ಹುಡುಗನ ತಂದೆಗೆ. ಅಪಘಾತ ಆದ ಹೊಸದರಲ್ಲಿ ಅವರು ನನ್ನನ್ನು ಹುಡುಕಿಕೊಂಡು ಬಂದಿದ್ದರು. ಮಗ ಏನಾದರೂ ಅಂದನಾ ಅಂತ ಕೇಳಿದರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಹೋದ ತಿಂಗಳು ಅವರ ಮನೆಗೆ ನಾನೇ ಹೋದೆ. ಅವನು ಏನೂ ಹೇಳಲಿಲ್ಲ, ಕೊನೆಯವರೆಗೂ ನನ್ನ ಕೈ ಹಿಡಿದಿದ್ದ ಅಂತ ಹೇಳಿದೆ. ಬಹಳ ಹೊತ್ತು ಇಬ್ಬರೂ ಸುಮ್ಮನೆ ಕೂತೆವು. ಊಟ ಮಾಡಿಸದೆ ಕಳಿಸಲಿಲ್ಲ. ಹೊರಡುವಾಗ "ಗಾಡಿ ಬಿಡಬೇಡಪ್ಪ" ಅಂದರು.

ಸೋಮವಾರ ಆ ಜಾಗ ಬಂದಾಗ ಎದೆ ಹೊಡೆದುಕೊಂಡಿತು. ಗಾಡಿ ನಿಲ್ಲಿಸಲಿಲ್ಲ. ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಕಾಣುವ ಹೊತ್ತಿಗೆ ಉಸಿರು ತಾನಾಗೇ ಇಳಿದಿತ್ತು. ಚಿತ್ರದುರ್ಗದಲ್ಲಿ ಚೀಲ ಇಳಿಸುವ ಮೊದಲೇ ಆ ಹುಡುಗನ ತಂದೆಗೆ ಫೋನ್ ಮಾಡಿದೆ.