ಮಗಳಿಗೊಂದು ಪತ್ರ: ‘ವೇಕ್’ ಅನ್ನುವ ಪದದ ಒಳಗೆ

ಪುಟ್ಟಿ,

ನಿನ್ನೆ ಫೋನಿನಲ್ಲಿ ಕೇಳಿದೆಯಲ್ಲ, ‘ಅಪ್ಪಾ, ವೋಕ್ ಸರಿನಾ, ವೇಕ್ಡ್ ಸರಿನಾ? ಅವೇಕನ್ಡ್ ಬೇರೆ ಇದೆ. ಏಳೋದಕ್ಕೆ ಇಂಗ್ಲಿಷಿನಲ್ಲಿ ಇಷ್ಟೊಂದು ಪದ ಯಾಕೆ?’ ಅಂತ. ನಾನು ಬಸ್ಸಿನಲ್ಲಿದ್ದೆ, ಸರಿಯಾಗಿ ಹೇಳಲಾಗಲಿಲ್ಲ. ಪರೀಕ್ಷೆಗೆ ಬೇಕಾದ್ದು ಇಷ್ಟೇ: ವೇಕ್, ವೋಕ್, ವೋಕನ್. ಉಳಿದದ್ದನ್ನು ನಿಧಾನವಾಗಿ ಓದು, ಆದರೆ ಓದು.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಇದು ಒಂದೇ ಪದ ಆಗಿರಲಿಲ್ಲ. ‘ವ್ಯಾಕ್ನನ್’ ಅಂದರೆ ನಿದ್ದೆಯಿಂದ ಏಳುವುದು, ಹುಟ್ಟುವುದು ಕೂಡ. ಇವತ್ತಿನ ‘ವೋಕ್’ ಅದರ ಭೂತಕಾಲದಿಂದ ಬಂದದ್ದು. ‘ವಾಕಿಯನ್’ ಅಂದರೆ ನಿದ್ದೆಗೆಟ್ಟು ಕೂರುವುದು, ಕಾಯುವುದು. ‘ವೇಕ್ಡ್’ ಬಂದದ್ದು ಅಲ್ಲಿಂದ. ಇನ್ನೊಬ್ಬರನ್ನು ಎಬ್ಬಿಸುವುದಕ್ಕೆ ‘ವೆಚ್ಚನ್’ ಅಂತ ಮೂರನೆಯದೇ ಇತ್ತು. ನಮ್ಮಲ್ಲಿ ಏಳು, ಎಬ್ಬಿಸು ಬೇರೆ ಬೇರೆ ಅಲ್ವಾ, ಹಾಗೆ. ಬರಬರುತ್ತಾ ಮೂರನೆಯದು ಮರೆಯಾಯಿತು. ಮೊದಲೆರಡು ಬೆರೆತು ಹೋದವು. ಎಲ್ಲರ ಕೆಲಸವೂ ‘ವೇಕ್’ ತಲೆಗೆ ಬಿತ್ತು. ನೀನು ಗೊಂದಲಪಟ್ಟಿದ್ದರಲ್ಲಿ ತಪ್ಪೇನೂ ಇಲ್ಲ.

ನನಗೆ ತುಂಬಾ ಇಷ್ಟವಾದದ್ದು ಎರಡನೆಯದು, ಆ ವಾಕಿಯನ್. ‘ವಾಚ್’ ಅನ್ನುವುದೂ ಅದೇ ಬಳ್ಳಿಯ ಕುಡಿ. ನಮ್ಮ ಗೇಟಿನ ವಾಚ್‌ಮನ್ ನಿದ್ದೆ ಬಿಟ್ಟು ಕಾಯುವವನು. ನಿನ್ನ ಕೈಗೆ ಕಟ್ಟಿಕೊಂಡ ವಾಚಿಗೂ ಅದೇ ಹೆಸರು. ಲ್ಯಾಟಿನ್ ಕಡೆಯಿಂದ ಬಂದ ‘ವಿಜಿಲೆನ್ಸ್’ ಕೂಡ ಇದರ ದೂರದ ನೆಂಟ.

ಐರ್ಲೆಂಡಿನಲ್ಲಿ ಯಾರಾದರೂ ತೀರಿಕೊಂಡರೆ ದೇಹವನ್ನು ಮನೆಯಲ್ಲಿಟ್ಟು, ಬಂಧುಗಳು, ಅಕ್ಕಪಕ್ಕದವರು ರಾತ್ರಿಯಿಡೀ ಜೊತೆಗೆ ಕೂರುವ ಪದ್ಧತಿ ಇದೆ. ಅದನ್ನೂ ‘ವೇಕ್’ ಅಂತಲೇ ಕರೆಯುತ್ತಾರೆ. ಸತ್ತವರು ಎಲ್ಲಾದರೂ ಎದ್ದಾರೇನೋ ಅಂತ ನೋಡಲು ಕೂರುತ್ತಿದ್ದರು, ಅದಕ್ಕೇ ಆ ಹೆಸರು ಅಂತ ಕೆಲವರು ಕಥೆ ಹೇಳುತ್ತಾರೆ. ಅದು ನಿಜ ಅಲ್ಲ. ಇಲ್ಲಿ ಎಚ್ಚರ ಇರುವವರು ಬದುಕಿದವರು. ನಾವು ಹೆಣ ಕಾಯುವುದು ಅಂತೀವಲ್ಲ, ಅದೇ.

ಅಜ್ಜಿ ಹೋದ ರಾತ್ರಿ ನೆನಪಿದೆಯಾ? ಚಿಕ್ಕಪ್ಪ ಬರುವುದು ಬೆಳಿಗ್ಗೆ ಅಂತಾಯಿತು. ನಿನಗಾಗ ಹನ್ನೊಂದು ವರ್ಷ. ಮಲಗು ಅಂದರೆ ಕೇಳಲಿಲ್ಲ. ಅಜ್ಜಿಯ ತಲೆ ಹತ್ತಿರದ ದೀಪಕ್ಕೆ ಎಣ್ಣೆ ಹಾಕುವುದು ನನ್ನ ಕೆಲಸ ಅಂತ ಚಮಚ ಹಿಡಿದು ಕೂತುಬಿಟ್ಟೆ. ಮೂರು ಗಂಟೆ ಹೊತ್ತಿಗೆ ನನಗೇ ಜೋಂಪು ಹತ್ತಿತು. ಕಣ್ಣು ಬಿಟ್ಟರೆ, ನೀನು ಉಸಿರು ಬಿಗಿಹಿಡಿದು ಕಡ್ಡಿಯಿಂದ ಬತ್ತಿಯನ್ನು ಮುಂದಕ್ಕೆ ದೂಡುತ್ತಿದ್ದೆ. ವಾಕಿಯನ್ ಅಂದಾಗಲೆಲ್ಲ ನನ್ನ ಕಣ್ಣಿಗೆ ಬರುವುದು ಆ ಚಮಚ, ಆ ಕೈ.

ಇನ್ನು ಜನ ಈಗ ಬೈಯೋದಕ್ಕೆ ಬಳಸುವ ‘ವೋಕ್’. ಅದು ಅಮೆರಿಕದ ಕಪ್ಪು ಜನರ ಮಾತು, ಅನ್ಯಾಯದ ಬಗ್ಗೆ ಎಚ್ಚರವಾಗಿರುವುದು ಅಂತ ಅರ್ಥ. 1931ರಲ್ಲಿ ಅಲಬಾಮಾದಲ್ಲಿ ಒಂಬತ್ತು ಕಪ್ಪು ಹುಡುಗರ ಮೇಲೆ ಅತ್ಯಾಚಾರದ ಸುಳ್ಳು ಆರೋಪ ಹೊರಿಸಿದರು. ಅವರ ಬಗ್ಗೆ ಹಾಡಿದ ಕಪ್ಪು ಗಾಯಕ ಲೆಡ್ ಬೆಲಿ, ಆ ಕಡೆ ಹೋಗುವ ತನ್ನ ಜನರಿಗೆ ಹೇಳಿದ್ದು ‘ಸ್ಟೇ ವೋಕ್’ ಅಂತ. ಕನ್ನಡದಲ್ಲಿ ಇದನ್ನು ವಿವರಿಸುವುದೇ ಬೇಡ. ‘ಎಚ್ಚರ ಆಯ್ತಾ?’ ಅಂತಲೂ ಕೇಳುತ್ತೇವೆ, ‘ಎಚ್ಚರವಾಗಿರು’ ಅಂತಲೂ ಹೇಳುತ್ತೇವೆ. ಆ ಪದವನ್ನು ಸುಮ್ನೆ ಬೈಗುಳವಾಗಿ ಬಳಸಬೇಡ, ನನ್ನಾಣೆ.

ನಾಡಿದ್ದು ಬೆಳಿಗ್ಗೆ ಐದಕ್ಕೆ ನಾನೇ ಫೋನ್ ಮಾಡಿ ಎಬ್ಬಿಸುತ್ತೇನೆ. ರಾತ್ರಿ ಜಾಸ್ತಿ ಓದಬೇಡ. ಫೋನ್ ಸೈಲೆಂಟಿನಲ್ಲಿ ಇಡಬೇಡ.

ನಿನ್ನ ಅಪ್ಪ